‘ಸಿಸಿಟಿವಿಯಲ್ಲಿ ಎಲ್ಲ ಇದೆ’ ಅಂತ ಪೊಲೀಸರು ಸುಳ್ಳು ಹೇಳಬಹುದಾ?

ನೀವು ಕೇಳಿರುವುದು ಇಷ್ಟು. ನಿಮ್ಮ ತಮ್ಮ ಅಂಧೇರಿಯ ಒಂದು ಹೋಟೆಲ್‌ನಲ್ಲಿ ಕೆಲಸಕ್ಕಿದ್ದಾನೆ. ಗಲ್ಲಾದ ಹಣ ಕಳುವಾಯಿತು ಅಂತ ಅವನನ್ನು ಠಾಣೆಗೆ ಕರೆಸಿದರು. "ನೀನು ದುಡ್ಡು ತೆಗೆದದ್ದು ಸಿಸಿಟಿವಿಯಲ್ಲಿದೆ, ನಿನ್ನ ಜೊತೆಗಾರನೂ ಬಾಯಿಬಿಟ್ಟಿದ್ದಾನೆ" ಅಂದರು. ಹೆದರಿ ಅವನು ಹೌದು ಅಂದುಬಿಟ್ಟ. ಆಮೇಲೆ ನೋಡಿದರೆ ಕ್ಯಾಮೆರಾ ಕೆಟ್ಟುಹೋಗಿತ್ತು, ಜೊತೆಗಾರ ಏನೂ ಹೇಳಿರಲಿಲ್ಲ. ಹೀಗೆ ಸುಳ್ಳು ಹೇಳಲು ಪೊಲೀಸರಿಗೆ ಅಧಿಕಾರ ಇದೆಯಾ?

ನಾನು ಮುಂಬೈಯ ಮ್ಯಾಜಿಸ್ಟ್ರೇಟ್ ಕೋರ್ಟ್‌ಗಳಲ್ಲಿ ವಕೀಲಿ ಮಾಡುತ್ತೇನೆ. ಅಧಿಕಾರ ಇದೆ ಅಂತ ಯಾವ ಕಾನೂನೂ ಹೇಳುವುದಿಲ್ಲ. ಹೇಳಿದರೆ ಅಪರಾಧ ಅಂತಲೂ ಬರೆದಿಲ್ಲ. ಆದರೆ ನಿಮ್ಮ ತಮ್ಮ ಠಾಣೆಯಲ್ಲಿ ಹೇಳಿದ ಆ ‘ಹೌದು’ ಕೋರ್ಟ್‌ನಲ್ಲಿ ಅವನ ವಿರುದ್ಧ ಸಾಕ್ಷಿ ಆಗುವುದಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ನಡೆಯುವುದಿಲ್ಲ ಎಂಬ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಲ್ಲೂ ಇದೆ. ಅಮೆರಿಕದಲ್ಲಿ ಹೀಗಲ್ಲ. ‘ನಿನ್ನ ಸಂಬಂಧಿ ಒಪ್ಪಿಕೊಂಡಿದ್ದಾನೆ’ ಅಂತ ಪೊಲೀಸರು ಸುಳ್ಳು ಹೇಳಿ ಪಡೆದ ಹೇಳಿಕೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 1969ರಲ್ಲಿ ಒಪ್ಪಿತು.

ನಮ್ಮ ನಿಯಮಕ್ಕೂ ಒಂದು ಕಿಂಡಿ ಇದೆ. "ಹಣ ಇಂಥ ಕಡೆ ಇಟ್ಟಿದ್ದೇನೆ" ಅಂತ ತಮ್ಮ ಹೇಳಿ, ಅಲ್ಲಿಂದಲೇ ಹಣ ಸಿಕ್ಕಿದ್ದರೆ ಅಷ್ಟು ಮಾತು ಸಾಕ್ಷಿಯಾಗುತ್ತದೆ. ಮಹಾರಾಷ್ಟ್ರದ ಮೋಕಾ ಕಾಯ್ದೆಯಲ್ಲಿ ಎಸ್ಪಿ ಅಥವಾ ಅದಕ್ಕೂ ಮೇಲಿನ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ನಡೆಯುತ್ತದೆ. ಅದು ಸಂಘಟಿತ ಅಪರಾಧಕ್ಕೆ ಇರುವ ಕಾಯ್ದೆ, ಗಲ್ಲಾದ ಕಳವಿಗೆ ಬರುವುದಿಲ್ಲ.

ಇನ್ನೊಂದು ವಿಷಯ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದಂಥ, ಕೋರ್ಟ್‌ನಲ್ಲಿ ನಡೆಯಬಲ್ಲ ತಪ್ಪೊಪ್ಪಿಗೆ ಮೋಸ ಮಾಡಿ ಪಡೆದದ್ದು ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಅಂತ ಅದೇ ಸಾಕ್ಷ್ಯ ಅಧಿನಿಯಮದ 22ನೇ ಕಲಮು ಹೇಳುತ್ತದೆ. ಬೆದರಿಕೆ, ಆಮಿಷ, ಭರವಸೆ ಕೊಟ್ಟು ಪಡೆದದ್ದಾದರೆ ಬಿದ್ದುಹೋಗುತ್ತದೆ. ಹಾಗಾಗಿ "ಒಪ್ಪಿಕೋ, ಇವತ್ತೇ ಮನೆಗೆ ಬಿಡ್ತೀವಿ" ಅಂದಿದ್ದರೆ ಆ ಮಾತನ್ನು ಈಗಲೇ ಬರೆದಿಟ್ಟುಕೊಳ್ಳಿ. ಕ್ಯಾಮೆರಾದ ಸುಳ್ಳಿಗಿಂತ ಅದು ನಿಮಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಪೊಲೀಸರ ಎಲ್ಲ ಉಪಾಯವೂ ತಪ್ಪು ಅಂತ ನಾನು ಹೇಳುವುದಿಲ್ಲ. ಲಂಚದ ಟ್ರ್ಯಾಪ್ ನೋಡಿ. ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಹಚ್ಚಿ ಕೊಡುತ್ತಾರೆ, ಹಿಡಿದವನ ಕೈಯನ್ನು ಸೋಡಾ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಆಗುತ್ತದೆ. ಅವನಿಗೆ ಗೊತ್ತಾಗದಂತೆ ಮಾಡಿದರೂ ಅದು ಸರಿಯೇ, ಯಾಕೆಂದರೆ ಲಂಚ ಕೇಳಿದ್ದು ಅವನೇ. ಕೇಳಿದ್ದು ಸಾಬೀತಾಗದಿದ್ದರೆ ಕೇಸ್ ನಿಲ್ಲುವುದಿಲ್ಲ. ನಮ್ಮ ಮುಂಬೈಯ ಕೊರೋನರ್ (ಅಸಹಜ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ) ಒಬ್ಬರು ವೈದ್ಯರಿಂದ ಲಂಚ ಕೇಳಿದ ಮಾತನ್ನು ಪೊಲೀಸರು ಗುಟ್ಟಾಗಿ ಟೇಪ್ ಮಾಡಿದ್ದರು. 1972ರಲ್ಲಿ ಸುಪ್ರೀಂ ಕೋರ್ಟ್ ಆ ಟೇಪನ್ನು ಸಾಕ್ಷಿಯಾಗಿ ಒಪ್ಪಿತು. ಅವರ ಮೇಲೆ ಯಾರ ಒತ್ತಡವೂ ಇರಲಿಲ್ಲ, ಮಾತು ಅವರಾಗಿ ಆಡಿದ್ದು.

ಠಾಣೆಯ ಬೆಂಚಿನ ಮೇಲೆ ಕೂತ ಹುಡುಗನದು ಬೇರೆ ಕಥೆ. ನನಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ. ಕುಂದಾಪುರದ ಕಡೆಯಿಂದಲೋ ಕಲಬುರಗಿಯಿಂದಲೋ ಬಂದ ಹುಡುಗರಿಗೆ ಮರಾಠಿ ಮಾತು ಅರ್ಥವಾಗುತ್ತದೆ, ಆದರೆ ಅವಸರದ ಕೈಬರಹ ಓದಲು ಬರುವುದಿಲ್ಲ. "ಸುಮ್ನೆ ಸಾಕ್ಷಿ ಅಂತ ಒಂದು ಸಹಿ ಹಾಕು" ಅಂದರೆ ಹಾಕಿಬಿಡುತ್ತಾರೆ. ವಿಚಾರಣೆಯಲ್ಲಿ ಪೊಲೀಸರು ಬರೆದುಕೊಳ್ಳುವ ಜಬಾಬಿಗೆ, ಅಂದರೆ ಹೇಳಿಕೆಗೆ, ಸಹಿ ಪಡೆಯಲೇಬಾರದು, ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 181ನೇ ಕಲಮು ಹಾಗೆ ಹೇಳುತ್ತದೆ. ಪಂಚನಾಮೆಗೆ, ಅಂದರೆ ಮಹಜರಿಗೆ, ಸಹಿ ಇರುತ್ತದೆ. ಅದನ್ನು ಓದಿಸಿಕೊಂಡು ಅರ್ಥವಾದ ಮೇಲೆ ಹಾಕಬೇಕು. ಖಾಲಿ ಕಾಗದಕ್ಕೆ ಎಂದೂ ಹಾಕಬಾರದು. ತಮ್ಮ ಯಾವ ಯಾವ ಕಾಗದಕ್ಕೆ ಸಹಿ ಹಾಕಿದ ಅಂತ ಮೊದಲು ಕೇಳಿ. ಠಾಣೆಯಲ್ಲಿ ಅವನು ಏನು ಹೇಳಿದ ಅನ್ನುವುದಕ್ಕಿಂತ ಈಗ ಇದೇ ಮುಖ್ಯ.

ಮತ್ತೆ ಕರೆದರೆ ಲಿಖಿತ ನೋಟಿಸ್ ಕೇಳಲಿ, ಕೊಟ್ಟರೆ ತಪ್ಪಿಸದೆ ಹೋಗಲಿ. ತನ್ನನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರ ಕೊಡದೆ ಇರಬಹುದು, ಸಂವಿಧಾನದ 20(3)ನೇ ವಿಧಿಯ ರಕ್ಷಣೆ ಇದೆ. ಆದರೆ ಪೊಲೀಸರು ಸುಳ್ಳು ಹೇಳಿದರು ಅಂತ ಇವನೂ ಸುಳ್ಳು ಹೇಳಬಾರದು, ಅದು ಇವನ ಮೇಲೆಯೇ ಕೇಸ್ ಆಗಬಹುದು. ಬಂಧಿಸಿದರೆ ಕಾರಣವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ಕೊಡಬೇಕು. ಮುಂಬೈಯ ವರ್ಲಿಯ ಒಂದು ಅಪಘಾತದ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ. ಕನ್ನಡ ಮಾತ್ರ ಓದುವವನಾದರೆ ಕನ್ನಡದಲ್ಲೇ ಕೇಳಲಿ, ಸಂಕೋಚ ಬೇಡ.

ಇಂಥ ಸುಳ್ಳಿಗೆ ನಮ್ಮ ಕಾನೂನು ನೇರವಾಗಿ ತಡೆ ಹಾಕಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಮೆರಿಕದ ಇಲಿನಾಯ್ ರಾಜ್ಯ 2021ರಲ್ಲಿ ಅಪ್ರಾಪ್ತರ ಮಟ್ಟಿಗೆ ಹಾಕಿದೆ. ಹೆದರಿದ ಹುಡುಗ ಹೌದು ಅಂದ ಕೂಡಲೇ ನಿಜವಾದ ಕಳ್ಳನನ್ನು ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗಬಹುದು, ಅಲ್ವಾ? ಕೋರ್ಟ್ ಕೊನೆಗೆ ಬಿಟ್ಟರೂ ಅಷ್ಟರಲ್ಲಿ ಇವನ ಕೆಲಸ ಹೋಗಿರುತ್ತದೆ, ಊರಲ್ಲಿ ಕಳ್ಳ ಅನ್ನಿಸಿಕೊಂಡಿರುತ್ತಾನೆ.

ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ.