ಅವಳಿಗೆ ಮೊದಲು ‘ಬೇಡ’ ಅನ್ನುವುದನ್ನು ಕಲಿಸಿ

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಎಂಟು ವರ್ಷ. ಡೌನ್ ಸಿಂಡ್ರೋಮ್ ಇದೆ. ಮಾತು ಕಡಿಮೆ, ಅಷ್ಟು ಸ್ಪಷ್ಟವೂ ಇಲ್ಲ. ಆದರೆ ಎಲ್ಲರನ್ನೂ ಕಂಡರೆ ಪ್ರೀತಿ. ಹಾಲಿನವರು, ಕೊರಿಯರ್ ಹುಡುಗ, ಯಾರು ಬಂದರೂ ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಶಾಲೆಯಲ್ಲಿ ಟಾಯ್ಲೆಟ್‌ಗೆ ಆಯಾ ಸಹಾಯ ಬೇಕು. ‘ಗುಡ್ ಟಚ್, ಬ್ಯಾಡ್ ಟಚ್’ ವಿಡಿಯೊ ತೋರಿಸಿದೆ. ನಕ್ಕು ನನ್ನ ಕೆನ್ನೆ ಸವರಿ ‘ಗುಡ್’ ಅಂದಳು, ಅಷ್ಟೇ. ಹಬ್ಬಕ್ಕೆ ಬಂದಾಗ ನಮ್ಮ ಭಾವನವರು ಅವಳನ್ನು ಎಳೆದು ತೊಡೆ ಮೇಲೆ ಕೂರಿಸಿಕೊಳ್ಳುತ್ತಾರೆ. ಅವಳು ಕೊಸರಾಡಿದರೂ ಬಿಡುವುದಿಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದಿದೆ ಅಂತ ನಾನು ಹೇಳುತ್ತಿಲ್ಲ, ಆದರೂ ಸಂಕಟವಾಗುತ್ತದೆ. ಬಾಯಿ ಬಿಟ್ಟರೆ ಅತ್ತೆ, ‘ಪಾಪ, ಅದಕ್ಕೇನು ಗೊತ್ತಾಗುತ್ತೆ, ತಲೆಗೆ ಇಲ್ಲದ್ದೆಲ್ಲ ತುಂಬಬೇಡ’ ಅನ್ನುತ್ತಾರೆ. ನಾನು ಜಾಸ್ತಿ ಯೋಚನೆ ಮಾಡ್ತಿದ್ದೀನಾ? ಇವಳಿಗೆ ಹೇಗೆ ಕಲಿಸಲಿ?
ಹೆಸರು, ಊರು ಬೇಡ

ಉತ್ತರ: ಇಲ್ಲಮ್ಮ, ನೀವು ಜಾಸ್ತಿ ಯೋಚನೆ ಮಾಡುತ್ತಿಲ್ಲ. 2012ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಬುದ್ಧಿ ಬೆಳವಣಿಗೆಯ ಅಥವಾ ಮಾನಸಿಕ ತೊಂದರೆ ಇರುವ ಮಕ್ಕಳಿಗೆ ಲೈಂಗಿಕ ಹಿಂಸೆಯ ಅಪಾಯ ಉಳಿದ ಮಕ್ಕಳಿಗಿಂತ 4.6 ಪಟ್ಟು ಹೆಚ್ಚು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ಅತ್ತೆ ‘ಅದಕ್ಕೇನು ಗೊತ್ತಾಗುತ್ತೆ’ ಅಂದಾಗ ನಿಮ್ಮ ಹತ್ತಿರ ಒಂದು ಉತ್ತರ ಇರಲಿ ಅಂತ ಬರೆದೆ. ಕೆಡುಕು ಮಾಡುವವನೂ ಅದನ್ನೇ ಅಂದುಕೊಳ್ಳುತ್ತಾನೆ. ಇದಕ್ಕೇನು ಗೊತ್ತಾಗುತ್ತೆ, ಯಾರಿಗೆ ಹೇಳುತ್ತೆ, ಹೇಳಿದರೂ ಯಾರು ನಂಬುತ್ತಾರೆ ಅಂತ.

ಅವಳು ಕೊಸರಾಡುತ್ತಾಳೆ ಅಂತ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ. ಬೇಡ ಅನ್ನುವುದು ಅವಳಿಗೆ ಗೊತ್ತಿದೆ. ಬಾಯಲ್ಲಿ ಬರುತ್ತಿಲ್ಲ, ಮೈಯಲ್ಲಿ ಹೇಳುತ್ತಿದ್ದಾಳೆ. ಕೇಳುವವರಿಲ್ಲ.

ಇಂಥ ಮಕ್ಕಳ ದಿನ ಹೇಗೆ ಕಳೆಯುತ್ತದೆ ನೋಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತ್ಕೊ, ಕೈ ಕೊಡು, ಬಾಯಿ ತೆಗಿ, ನಾಲಿಗೆ ಚಾಚು. ಹೇಳಿದ ಹಾಗೆ ಮಾಡಿದರೆ ‘ಗುಡ್ ಗರ್ಲ್’. ಮಾಡದಿದ್ದರೆ ಹಟಮಾರಿ. ದೊಡ್ಡವರು ಹೇಳಿದ್ದಕ್ಕೆಲ್ಲ ಒಪ್ಪುವುದೇ ಒಳ್ಳೆಯತನ ಅಂತ ದಿನವಿಡೀ ಕಲಿಸಿ, ಯಾರೋ ಒಬ್ಬನ ಮುಂದೆ ಮಾತ್ರ ‘ಬೇಡ’ ಅನ್ನು ಅಂದರೆ ಅವಳಿಗೆ ಹೇಗೆ ಸಾಧ್ಯ?

ಹಾಗಾಗಿ ಪಾಠ ಶುರುವಾಗಬೇಕಾದದ್ದು ಉಪ್ಪಿಟ್ಟಿನಿಂದ. ಸುಮ್ನೆ ಹೇಳುತ್ತಿಲ್ಲ. ಅಂಗೈ ಮುಂದೆ ಚಾಚಿ ‘ಬೇಡ’ ಅನ್ನುವ ಸನ್ನೆಯನ್ನು ಅವಳಿಗೆ ಕಲಿಸಿ. ಅವಳಿಗೆ ಇಷ್ಟವಿಲ್ಲದ ತಿಂಡಿಯನ್ನು ಮುಂದೆ ಹಿಡಿಯಿರಿ. ಅಂಗೈ ಬಂತಾ, ತಟ್ಟೆ ಹಿಂದಕ್ಕೆ ಹೋಗಬೇಕು. ‘ಒಂದೇ ತುತ್ತು ಕಂದ’ ಅನ್ನಬೇಡಿ. ಕಚಗುಳಿ ಇಡುವಾಗ ನಗುತ್ತಲೇ ಕೈ ಎತ್ತಿದರೂ ನಿಲ್ಲಿಸಿ. ನನ್ನ ಬೇಡಕ್ಕೆ ಬೆಲೆ ಇದೆ ಅಂತ ನೂರು ಸಲ ಕಂಡಮೇಲೆ ಆ ಕೈ ತಾನಾಗಿ ಮೇಲೇಳುತ್ತದೆ. ಔಷಧಿ, ಇಂಜೆಕ್ಷನ್ ವಿಷಯದಲ್ಲಿ ಬಿಡಲು ಆಗುವುದಿಲ್ಲ, ಸರಿ. ಆಗಲೂ ‘ನೀನು ಬೇಡ ಅಂದೆ, ನನಗೆ ಗೊತ್ತಾಯ್ತು. ಇದು ಡಾಕ್ಟರ್ ಹೇಳಿದ ಔಷಧಿ, ಕುಡೀಲೇಬೇಕು. ನಾನು ಇಲ್ಲೇ ಇರ್ತೀನಿ’ ಅನ್ನಿ. ಕೇಳಿಸದ ಹಾಗೆ ಮಾತ್ರ ಇರಬೇಡಿ.

ಗುಡ್ ಟಚ್, ಬ್ಯಾಡ್ ಟಚ್ ಅವಳಿಗೆ ತಲುಪದಿದ್ದರೆ ತಪ್ಪು ಅವಳದಲ್ಲ. ಸೂಜಿ ಚುಚ್ಚಿದರೆ ನೋವಾಗುತ್ತದೆ, ಅದು ‘ಗುಡ್’. ಯಾರೋ ಚಾಕೊಲೇಟ್ ಕೊಟ್ಟು ಮೆಲ್ಲಗೆ ಸವರಿದರೆ ಹಿತವಾಗಬಹುದು, ಅದು ‘ಬ್ಯಾಡ್’. ದೊಡ್ಡವರಿಗೇ ಗೊಂದಲವಾಗುವ ವಿಚಾರ ಇದು. ‘ಗೊತ್ತಿಲ್ಲದವರ ಹತ್ತಿರ ಹೋಗಬೇಡ’ ಅನ್ನುವ ಮಾತೂ ಹಾಗೆಯೇ. ನಾನು ಬಲ್ಲ ಒಬ್ಬ ಹುಡುಗನಿಗೆ ಬಾಗಿಲಲ್ಲಿ ನಿಂತು ಹೆಸರು ಹೇಳಿದವರೆಲ್ಲ ಗೊತ್ತಿರುವವರೇ. ಮತ್ತೆ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣಗಳಲ್ಲಿ ಹೆಚ್ಚಿನ ಆರೋಪಿಗಳು ಮಗುವಿಗೆ ಪರಿಚಯದವರೇ ಆಗಿರುತ್ತಾರೆ. ಒಳ್ಳೆಯದು, ಕೆಟ್ಟದ್ದು ಅಂತ ತೂಗುವ ಕೆಲಸವನ್ನು ಮಗುವಿನ ಮೇಲೆ ಹಾಕಬೇಡಿ. ಕಣ್ಣಿಗೆ ಕಾಣುವ ನಿಯಮ ಕೊಡಿ: ಚಡ್ಡಿ, ಬನಿಯನ್ ಮುಚ್ಚುವ ಜಾಗ ನಿನ್ನದು. ಅದನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೊ ತೆಗೆಯಬಾರದು. ಬೇರೆಯವರದ್ದನ್ನು ನೀನು ಮುಟ್ಟಬಾರದು.

ಆ ಜಾಗಗಳಿಗೆ ಹೆಸರಿಡಿ. ನಮ್ಮ ಮನೆಗಳಲ್ಲಿ ಅದಕ್ಕೆಲ್ಲ ‘ಶೇಮ್ ಶೇಮ್’ ಅಂತಲೇ ಹೆಸರು, ಅಲ್ವಾ? ಮಗು ಬಟ್ಟೆ ಇಲ್ಲದೆ ಓಡಿದರೆ ಎಲ್ಲರೂ ಸೇರಿ ಹಾಗೆ ಕೂಗಿ ನಗುತ್ತೇವೆ. ನಾಳೆ ಅಲ್ಲೇ ಯಾರಾದರೂ ಕೈ ಹಾಕಿದರೆ, ನಾಚಿಕೆಪಡಬೇಕಾದ ಜಾಗದ ಸುದ್ದಿ ಅಂತ ಆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ‘ಮೂತ್ರ ಮಾಡುವ ಜಾಗ’, ‘ಎದೆ’, ‘ಕುಂಡಿ’ ಅನ್ನಿ. ನಿಮ್ಮ ಮನೆಗೆ ಮಾತ್ರ ಗೊತ್ತಿರುವ ಮುದ್ದಿನ ಹೆಸರು ಬೇಡ. ಟೀಚರ್‌ಗೆ, ಡಾಕ್ಟರ್‌ಗೆ ಕೂಡಲೇ ಅರ್ಥವಾಗಬೇಕು.

ಇದನ್ನೆಲ್ಲ ಕಲಿಸಲು ಬಚ್ಚಲುಮನೆಗಿಂತ ಒಳ್ಳೆಯ ತರಗತಿ ಇಲ್ಲ. ಬೆನ್ನಿಗೆ ಸೋಪು ಹಚ್ಚುವ ಮೊದಲು ‘ಬೆನ್ನು ತೊಳೀಲಾ?’ ಅಂತ ಕೇಳಿ, ಒಂದು ಕ್ಷಣ ಕಾಯಿರಿ. ಮೂತ್ರದ ಜಾಗ ಬಂದಾಗ ಮಗ್ಗು ಅವಳ ಕೈಗೇ ಕೊಡಿ. ಮೊದಲ ವಾರ ನೀರೆಲ್ಲ ನೆಲಕ್ಕೆ ಚೆಲ್ಲುತ್ತದೆ, ಚೆಲ್ಲಲಿ. ಲಾಡಿ, ಗುಂಡಿ ಇರುವ ಪ್ಯಾಂಟ್ ಬಿಟ್ಟು ಎಲಾಸ್ಟಿಕ್‌ನದ್ದು ಹಾಕಿಸಿ. ಅವಳೇ ಏರಿಸಿ ಇಳಿಸಿಕೊಳ್ಳುವುದನ್ನು ಕಲಿತರೆ ಇನ್ನೊಬ್ಬರ ಕೈ ಅಲ್ಲಿಗೆ ಹೋಗುವ ಸಂದರ್ಭವೇ ಕಡಿಮೆ. ಶಾಲೆಯಲ್ಲಿ ಅಲ್ಲಿಯವರೆಗೆ ಯಾರು ಸಹಾಯ ಮಾಡುತ್ತಾರೆ ಅನ್ನುವುದು ಗೊತ್ತಿರಲಿ. ಇಬ್ಬರೇ ಸಾಕು. ಅವರ ಫೋಟೊ ತೆಗೆದು ಒಂದು ಕಾರ್ಡಿಗೆ ಅಂಟಿಸಿ, ಪಕ್ಕದಲ್ಲಿ ಟಾಯ್ಲೆಟ್ ಚಿತ್ರ ಹಾಕಿ. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳು ಕೇಳಿದ್ದಕ್ಕಿಂತ ನೋಡಿದ್ದನ್ನು ಚೆನ್ನಾಗಿ ಕಲಿಯುತ್ತಾರೆ. ಕಾರ್ಡಿನ ಒಂದು ಪ್ರತಿ ಶಾಲೆಯಲ್ಲೂ ಇರಲಿ. ಆಯಾ ರಜೆ ಹಾಕಿದರೆ ಯಾರು ಅಂತ ಈಗಲೇ ಕೇಳಿಟ್ಟುಕೊಳ್ಳಿ.

ತಬ್ಬಿಕೊಳ್ಳುವ ವಿಷಯ. ಅವಳ ಪ್ರೀತಿಯನ್ನು ಚಿವುಟಬೇಡಿ, ಅದಕ್ಕೊಂದು ದಾರಿ ಮಾಡಿ. ತಬ್ಬುವುದು ಮನೆಯ ಮೂರು ನಾಲ್ಕು ಜನರನ್ನು ಮಾತ್ರ. ಅವರ ಫೋಟೊ ಗೋಡೆಗೆ ಅಂಟಿಸಿ. ಉಳಿದವರಿಗೆಲ್ಲ ನಮಸ್ಕಾರ. ಮುಟ್ಟದೆಯೂ ಆದರ ತೋರಿಸುವ ಪದ್ಧತಿ ನಮ್ಮಲ್ಲೇ ಇದೆಯಲ್ಲ, ಅದನ್ನೇ ಬಳಸಿ. ಹಾಲಿನವರಿಗೂ ಹೇಳಿ, ‘ಅವಳು ಓಡಿಬಂದರೆ ನೀವೇ ಕೈ ಮುಗಿದುಬಿಡಿ’ ಅಂತ. ಒಬ್ಬರು ‘ಪರವಾಗಿಲ್ಲ ಬಿಡಿ’ ಅಂತ ತಬ್ಬಿಕೊಂಡರೂ ಕಲಿತದ್ದು ಹೋಯಿತು. ಎಂಟು ವರ್ಷದವಳು ತಬ್ಬಿದರೆ ಎಲ್ಲರಿಗೂ ಮುದ್ದು. ಹದಿನೆಂಟಕ್ಕೂ ಹಾಗೇ ತಬ್ಬಿದರೆ ಬೈಯುವವರೂ ಇವರೇ. ಈಗಲೇ ಕಲಿಯಲಿ.

ಇನ್ನೊಂದು ಸಣ್ಣದು. ಮನೆಯಲ್ಲಿ ಯಾರಾದರೂ ಚಾಕೊಲೇಟ್ ಕೊಟ್ಟು ‘ಅಮ್ಮಂಗೆ ಹೇಳ್ಬೇಡ’ ಅನ್ನುತ್ತಾರಾ? ತಮಾಷೆಗೂ ಬೇಡ. ಅಮ್ಮನಿಗೆ ಹೇಳಬಾರದ್ದು ಅಂತ ಅವಳ ಜೀವನದಲ್ಲಿ ಒಂದೂ ಇರಬಾರದು. ಮಲಗುವ ಮುಂಚೆ ಶಾಲೆ, ವ್ಯಾನ್, ಟಾಯ್ಲೆಟ್‌ನ ಚಿತ್ರಗಳನ್ನೂ, ನಗುವ ಮುಖ, ಅಳುವ ಮುಖಗಳನ್ನೂ ಮುಂದಿಟ್ಟು ‘ಇವತ್ತು ಹೇಗಿತ್ತು?’ ಅಂತ ಕೇಳಿ. ಯಾವುದನ್ನು ಯಾವುದರ ಪಕ್ಕ ಇಡುತ್ತಾಳೆ ನೋಡಿ. ದಿನಾ ಕೇಳಿದರೆ ಏನಾದರೂ ಆದ ದಿನವೂ ಹೇಳುತ್ತಾಳೆ.

ಇದ್ದಕ್ಕಿದ್ದಂತೆ ವ್ಯಾನ್ ಹತ್ತಲ್ಲ ಅಂತ ಅತ್ತರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಬಚ್ಚಲಿಗೆ ಹೆದರಿದರೆ, ‘ಅವಳ ಕಂಡಿಷನ್ನೇ ಹಾಗೆ’ ಅಂತ ಬಿಟ್ಟುಬಿಡಬೇಡಿ. ಕಾರಣ ಬೇರೆ ಇರಬಹುದು, ಆದರೆ ಹುಡುಕಿ. ಅವಳೇನಾದರೂ ಹೇಳಿದರೆ ಬೈಯದೆ, ಗಾಬರಿ ತೋರಿಸದೆ ಕೇಳಿ. ಅವಳು ಹೇಳಿದ ಮಾತು, ಮಾಡಿದ ಸನ್ನೆ ಹೇಗಿತ್ತೋ ಹಾಗೇ ಬರೆದಿಡಿ. ಪದೇ ಪದೇ ಕೆದಕಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು. ಆಗ ಪೊಲೀಸರು ಯೂನಿಫಾರ್ಮ್‌ನಲ್ಲಿ ಇರಬಾರದು. ಅವಳ ಭಾಷೆ ಬಲ್ಲ ವಿಶೇಷ ಶಿಕ್ಷಕರ ನೆರವು ಪಡೆಯಲೂ ಅವಕಾಶವಿದೆ. ‘ಮಾತೇ ಬಾರದ ಮಗು, ಕೇಸ್ ನಿಲ್ಲಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಭಾವನವರು. ಅವರ ಮೇಲೆ ಅನುಮಾನ ಇದೆ ಅಂತ ಯಾರೂ ಹೇಳಬೇಕಾಗಿಲ್ಲ, ನಿಯಮ ಎಲ್ಲರಿಗೂ ಒಂದೇ. ಹಬ್ಬಕ್ಕೆ ಎರಡು ದಿನ ಮುಂಚೆ ನಿಮ್ಮ ಯಜಮಾನರೇ ಫೋನ್ ಮಾಡಲಿ. ‘ಅಣ್ಣಾ, ಮಗುಗೆ ಹೊಸ ಪಾಠ ನಡೀತಿದೆ. ಅವಳು ಕೈ ತೋರಿಸಿದ್ರೆ ಬಿಟ್ಟುಬಿಡಬೇಕು. ನೀನೂ ಸ್ವಲ್ಪ ಸಹಾಯ ಮಾಡು’ ಅನ್ನಲಿ. ಅಣ್ಣನಿಗೆ ತಮ್ಮ ಹೇಳಿದರೆ ಮಾತು ಮನೆಯೊಳಗೇ ಉಳಿಯುತ್ತದೆ, ನೀವು ಹೇಳಿದರೆ ಸೊಸೆಯ ದೂರಾಗುತ್ತದೆ. ಮಗುವನ್ನು ಪ್ರೀತಿಸುವವರು ಒಪ್ಪುತ್ತಾರೆ. ಮರೆತು ಮತ್ತೆ ಎಳೆದುಕೊಂಡರೆ, ಅವಳ ಅಂಗೈ ಮೇಲೆದ್ದ ಕೂಡಲೇ ನೀವು ಅಡುಗೆಮನೆಯಲ್ಲಿ ಏನೇ ಮಾಡುತ್ತಿದ್ದರೂ ಬಿಟ್ಟು ಬನ್ನಿ. ‘ಬೇಡ ಅಂದಳು ಭಾವ’ ಅಂತ ನಗುಮುಖದಲ್ಲೇ ಹೇಳಿ ಅವಳನ್ನು ಇಳಿಸಿಕೊಳ್ಳಿ. ಅವರ ಮುಖ ಸಪ್ಪಗಾದರೆ ಆಮೇಲೆ ಕಾಫಿ ಕೊಟ್ಟು ಮಾತಾಡಿಸಿ. ಮೊದಲು ಅವಳನ್ನು ಇಳಿಸಿಕೊಳ್ಳಿ.