ಪ್ರತಿಕ್ರಿಯೆ: ತುಮಕೂರು ಪುರಸಭೆಯ ಮೊದಲ ಮಹಿಳಾ ಸದಸ್ಯೆ ಯಾರೆಂದು ಹುಡುಕುವುದು ಹೇಗೆ?

ನಮಸ್ಕಾರ. ಅಧ್ಯಕ್ಷರ ಕೊಠಡಿಯ ನಾಮಫಲಕವನ್ನೇ ನಂಬಬೇಡಿ. ಅದರಲ್ಲಿ ಅಧ್ಯಕ್ಷರ ಹೆಸರಷ್ಟೇ ಇರುತ್ತದೆ, ಸದಸ್ಯೆಯರು ಬಿಟ್ಟುಹೋಗುತ್ತಾರೆ. ಪುರಸಭೆಯ ಸಭೆಗಳಲ್ಲಿ ನಡೆದದ್ದನ್ನು ಬರೆದಿಟ್ಟ ಹಳೆಯ ನಡವಳಿ ಪುಸ್ತಕಗಳನ್ನು ನೋಡಿ. ಸಭೆಯ ಹಾಜರಾತಿ ಪಟ್ಟಿಯಲ್ಲಿ 'ಶ್ರೀಮತಿ' ಎಂದಿದೆಯೇ ಗಮನಿಸಿ. ಬರೀ ಇನಿಷಿಯಲ್ ಇದ್ದರೆ ಗಂಡಸೆಂದು ತಪ್ಪು ತಿಳಿಯುವ ಸಂಭವ ಹೆಚ್ಚು, ಸಹಿಯನ್ನೂ ಹೋಲಿಸಿ.

ಆಮೇಲೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಗೆಜೆಟ್ (ಅಂದಿನ ಮೈಸೂರು ಸರ್ಕಾರದ ಅಧಿಕೃತ ರಾಜ್ಯಪತ್ರ) ತೆರೆಯಿರಿ. ಆ ಸದಸ್ಯೆ ಸರ್ಕಾರ ನಾಮನಿರ್ದೇಶನ ಮಾಡಿದವರೋ, ಮತದಿಂದ ಗೆದ್ದವರೋ? ಇದನ್ನು ಬೇರ್ಪಡಿಸದಿದ್ದರೆ 'ಮೊದಲಿಗರು' ಇಬ್ಬರಾಗಿ ಗೊಂದಲವಾಗುತ್ತದೆ. ಇಬ್ಬರನ್ನೂ ದಾಖಲಿಸಿ, ಇಬ್ಬರೂ ಮುಖ್ಯರೇ.

ನಡವಳಿ ತೋರಿಸದಿದ್ದರೆ, ಪುರಸಭೆ ಈಗ ಮಹಾನಗರ ಪಾಲಿಕೆಯಾಗಿರುವುದರಿಂದ, ಪಾಲಿಕೆಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. 150 ಪದ ಮೀರದಿರಲಿ, ವಿಷಯ ಒಂದೇ ಇರಲಿ. 1993ರಲ್ಲಿ ಜಾರಿಯಾದ ಸಂವಿಧಾನದ 74ನೇ ತಿದ್ದುಪಡಿಯ ಮಹಿಳಾ ಮೀಸಲಾತಿಗೂ ಹಿಂದಿನ ವರ್ಷಗಳ ನಡವಳಿಯನ್ನೇ ಕೇಳಿ.