ವಾಲ್ವ್ ತಿರುಗಿಸುವವನಿಗೆ ಸೈಕಾಲಜಿ ಯಾಕೆ?

ಪ್ರಿಯ ಸೋದರಿ,

ಹೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಮಗ ನಾಲ್ಕು ವರ್ಷದ ಎಂಜಿನಿಯರಿಂಗ್ ಬೇಡವೆಂದು ಕಮ್ಯುನಿಟಿ ಕಾಲೇಜಿನಲ್ಲಿ ಪ್ರೋಸೆಸ್ ಟೆಕ್ನಾಲಜಿಗೆ, ಅಂದರೆ ತೈಲ ಶುದ್ಧೀಕರಿಸುವ ರಿಫೈನರಿ, ಕೆಮಿಕಲ್ ಕಾರ್ಖಾನೆಗಳಲ್ಲಿ ಯಂತ್ರ ನಡೆಸುವ ಆಪರೇಟರ್ ಕೆಲಸದ ಕೋರ್ಸಿಗೆ, ಸೇರಿದ್ದಾನೆ. ಹಾಸನದ ನೆಂಟರು "ಇದು ನಮ್ಮ ಐಟಿಐ ಥರಾನಾ?" ಎಂದು ಕೇಳಿದಾಗಲೆಲ್ಲ ನಿಮಗೆ ಚುಚ್ಚುತ್ತದೆ. ಈಗ ಅವನಿಗೆ ಸೈಕಾಲಜಿ ಪಾಠ ಬೇರೆ ಬಂದಿದೆ. "ರಿಫೈನರಿಯಲ್ಲಿ ವಾಲ್ವ್ ತಿರುಗಿಸೋ ಹುಡುಗನಿಗೆ ಮನಸ್ಸಿನ ಪಾಠ ಯಾಕೆ? ಸುಮ್ನೆ ಫೀಸು ಕೀಳೋಕಾ?" ಎಂದು ಕೇಳಿದ್ದೀರಿ.

ಮೊದಲು ನೆಂಟರ ಮಾತು. ಐಟಿಐ ಥರ ಅನ್ನುವುದು ಪೂರ್ತಿ ತಪ್ಪೇನಲ್ಲ, ಅದು ಬೈಗುಳವಂತೂ ಅಲ್ಲ. ನಮ್ಮ ಐಟಿಐಗಳಲ್ಲೂ ಕೆಮಿಕಲ್ ಪ್ಲಾಂಟ್ ಅಟೆಂಡೆಂಟ್ ಆಪರೇಟರ್ ಎಂಬ ಟ್ರೇಡ್ ಇದೆ. ನಿಮ್ಮ ಮಗನದು ಸುಮಾರು 60 ಕ್ರೆಡಿಟ್‌ಗಳ (ಪಾಠ ಅಳೆಯುವ ಲೆಕ್ಕ ಅದು), ಎರಡು ವರ್ಷದ ಅಸೋಸಿಯೇಟ್ ಪದವಿ. ಪಂಪು, ಕಂಪ್ರೆಸರ್, ಡಿಸ್ಟಿಲೇಶನ್ ಟವರ್, ಮೀಟರುಗಳು, ಸೇಫ್ಟಿ, ಕೊನೆಗೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಟ್ರಬಲ್‌ಶೂಟಿಂಗ್, ಎಲ್ಲ ಅದರಲ್ಲಿದೆ. ಬೇಟೌನ್‌ನ ಲೀ ಕಾಲೇಜು, ಪ್ಯಾಸಡೀನಾದ ಸ್ಯಾನ್ ಜಸಿಂಟೊ ಕಾಲೇಜು, ಟೆಕ್ಸಾಸ್ ಸಿಟಿಯ ಕಾಲೇಜ್ ಆಫ್ ದಿ ಮೇನ್‌ಲ್ಯಾಂಡ್ ಮುಂತಾದವು ರಿಫೈನರಿಗಳ ಮಗ್ಗುಲಲ್ಲೇ ಕೂತು ಇದನ್ನು ಕಲಿಸುತ್ತವೆ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಇನ್ನು ಸೈಕಾಲಜಿ. ನಿಯಮದ ಉತ್ತರ ಚಿಕ್ಕದು. ಟೆಕ್ಸಾಸ್‌ನಲ್ಲಿ ಇಂಥ ಪದವಿಗೆ ಕನಿಷ್ಠ 15 ಕ್ರೆಡಿಟ್ ಸಾಮಾನ್ಯ ವಿಷಯಗಳು ಇರಲೇಬೇಕು. ಅದರಲ್ಲಿ ಒಂದು ಸಮಾಜ ಅಥವಾ ಮನುಷ್ಯನ ನಡವಳಿಕೆಗೆ ಸೇರಿದ್ದಾಗಬೇಕು. ಆದರೆ ನಿಮ್ಮ ಮಗನಿಗೆ ಈ ಉತ್ತರ ಸಾಲದು. ಅವನ ಕಾಲೇಜಿಗೆ ದೂರವಿಲ್ಲದ ಟೆಕ್ಸಾಸ್ ಸಿಟಿಯಲ್ಲಿ ನಡೆದದ್ದನ್ನು ಹೇಳುತ್ತೇನೆ.

2005ರ ಮಾರ್ಚ್ 23. ಬಿಪಿ ಕಂಪನಿಯ ರಿಫೈನರಿಯಲ್ಲಿ ನಿಲ್ಲಿಸಿದ್ದ ಒಂದು ಯೂನಿಟ್ ಮತ್ತೆ ಶುರುವಾಗುತ್ತಿತ್ತು. ಅದರಲ್ಲಿ ತೈಲದ್ರವವನ್ನು ಕಾಯಿಸಿ ಬೇರ್ಪಡಿಸುವ 170 ಅಡಿ ಎತ್ತರದ ಟವರ್. ಅದರೊಳಗಿನ ದ್ರವದ ಮಟ್ಟ ತೋರಿಸುವ ಮೀಟರು ನೋಡುತ್ತಿದ್ದದ್ದು ಬುಡದ ಹತ್ತಡಿಯೊಳಗಿನದನ್ನು ಮಾತ್ರ. ರಾತ್ರಿ ಪಾಳಿಯವರು ತುಂಬಿಸಲು ಶುರುಮಾಡಿದರು. ಮುಂದಿನ ಪಾಳಿಗೆಂದು ಇಡುವ ಲಾಗ್ ಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು. ಎಷ್ಟು ತುಂಬಿದೆ, ಮುಂದೆ ಏನು ಮಾಡಬೇಕು, ಅದರಲ್ಲಿ ಇರಲಿಲ್ಲ. ಬೆಳಗಿನ ಪಾಳಿಯವರು ಮತ್ತೆ ದ್ರವ ಬಿಟ್ಟರು. ಮೂರು ಗಂಟೆಗೂ ಜಾಸ್ತಿ ಹೊತ್ತು ಅದು ಒಳಗೆ ಹೋಗುತ್ತಲೇ ಇತ್ತು, ಹೊರಗೆ ಬರುತ್ತಿರಲಿಲ್ಲ. ಒಳಗೆ ಹೋಗುವ ಲೆಕ್ಕ ಕಂಪ್ಯೂಟರಿನ ಒಂದು ಪರದೆಯಲ್ಲಿ, ಹೊರಗೆ ಬರುವ ಲೆಕ್ಕ ಇನ್ನೊಂದು ಪರದೆಯಲ್ಲಿ. ದ್ರವ 150 ಅಡಿ ದಾಟಿತು. ಮೀಟರು ಮಾತ್ರ ಮಟ್ಟ ನಿಧಾನವಾಗಿ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. ಮಟ್ಟ ಮೀರಿದಾಗ ಕೂಗಬೇಕಿದ್ದ ಎರಡನೇ ಅಲಾರಂ ಕೂಗಲೇ ಇಲ್ಲ.

ಕಂಟ್ರೋಲ್ ರೂಮಿನ ಬೋರ್ಡ್ ಮುಂದೆ ಕೂತಿದ್ದ ಆಪರೇಟರ್ ಒಬ್ಬರೇ ಮೂರು ಯೂನಿಟ್ ನೋಡಿಕೊಳ್ಳುತ್ತಿದ್ದರು. ಅಲ್ಲಿನ ಆಪರೇಟರುಗಳು ದಿನಕ್ಕೆ 12 ಗಂಟೆಯಂತೆ, ಒಂದು ದಿನವೂ ರಜೆಯಿಲ್ಲದೆ, 29 ದಿನ ಅಥವಾ ಅದಕ್ಕೂ ಜಾಸ್ತಿ ದುಡಿದಿದ್ದರು. ಕೊನೆಗೆ ದ್ರವ ಉಕ್ಕಿ ಹೊರಬಿತ್ತು, ಮಧ್ಯಾಹ್ನ 1:20ಕ್ಕೆ ಸ್ಫೋಟ. 15 ಜನ ತೀರಿಹೋದರು, 180 ಜನ ಗಾಯಗೊಂಡರು.

ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ಇದರ ತನಿಖೆ ಮಾಡಿತು. ತಪ್ಪೆಲ್ಲ ಆಪರೇಟರ್ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಖರ್ಚು ಕಡಿತ, ರಿಪೇರಿ ಕಾಣದ ಉಪಕರಣ, ಪಾಳಿ ಬದಲಾಗುವಾಗ ಆಗದ ಮಾತು, ನಿದ್ದೆಗೆಟ್ಟ ಕಣ್ಣು, ಎಲ್ಲವನ್ನೂ ಬರೆಯಿತು. ದಣಿವಿನ ಬಗ್ಗೆ ಉದ್ಯಮಕ್ಕೆ ಒಂದು ಮಾನದಂಡ ಬೇಕೆಂದು ಹೇಳಿತು. 2010ರಲ್ಲಿ ತೈಲ ಉದ್ಯಮದ ಸಂಘವಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಅದನ್ನು ತಂದಿತು.

ಈಗ ಹೇಳಿ, ಇದರಲ್ಲಿ ವಾಲ್ವ್ ಪಾಠ ಎಷ್ಟು, ಮನಸ್ಸಿನ ಪಾಠ ಎಷ್ಟು? ಒಮ್ಮೆ "ಮಟ್ಟ ಸರಿಯಾಗಿದೆ" ಎಂದು ನಂಬಿದ ಮೇಲೆ ಕಣ್ಣಿಗೆ ಆ ನಂಬಿಕೆಗೆ ಹೊಂದುವುದೇ ಕಾಣುತ್ತದೆ. ಸೈಕಾಲಜಿ ಕ್ಲಾಸಿನಲ್ಲಿ ಇದಕ್ಕೆ ಒಂದು ಹೆಸರಿದೆ, ಕನ್ಫರ್ಮೇಶನ್ ಬಯಾಸ್. ನಾರ್ಮನ್ ಮ್ಯಾಕ್‌ವರ್ತ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು 1948ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಗಡಿಯಾರದಂಥ ಮುಳ್ಳು ಹೆಜ್ಜೆ ಹೆಜ್ಜೆಯಾಗಿ ಓಡುತ್ತದೆ, ಅಪರೂಪಕ್ಕೆ ಒಮ್ಮೆ ಎರಡು ಹೆಜ್ಜೆ ಹಾರುತ್ತದೆ. ಅದನ್ನು ಗುರುತಿಸಬೇಕು, ಅಷ್ಟೇ. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಜನ ತಪ್ಪಿಸಿಕೊಳ್ಳುವುದು ಜಾಸ್ತಿಯಾಯಿತು. ಅರ್ಧ ಗಂಟೆಗೇ ಹೀಗೆ. ನಿಮ್ಮ ಮಗ ಕೂರಬೇಕಾದದ್ದು 12 ಗಂಟೆ.

ಇದು ನನಗೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ. ನನ್ನ ಚಿಕ್ಕಪ್ಪ ಒಂದು ಗೊಬ್ಬರದ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದರು. ಒಂದು ದಿನ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆಗೆ ಬಂದರು. ಚಿಕ್ಕಮ್ಮ ಕಾಫಿ ಕೊಟ್ಟರು. ಲೋಟ ತುಟಿಗೆ ಇಟ್ಟವರು ಹಾಗೇ ನಿಂತರು. "ಆ ವಾಲ್ವ್ ಅರ್ಧ ತೆಗೆದಿಟ್ಟದ್ದು ಅವನಿಗೆ ಹೇಳಿದೆನೋ ಇಲ್ವೋ" ಅಂದರು. ಕಾಫಿ ಅಲ್ಲೇ ಕಿಟಕಿಯ ಮೇಲೆ ಇಟ್ಟು ಸೈಕಲ್ ಹತ್ತಿ ವಾಪಸ್ ಹೋದರು. ಪಾಳಿಯ ಪುಸ್ತಕದಲ್ಲಿ ಬರೆದೇ ಇದ್ದರು. ಮುಂದಿನ ಪಾಳಿಗೆ ಬಂದವನು ಓದಿರಲಿಲ್ಲ. ಅಂದಿನಿಂದ ಅವರು ಬರೀ ಪುಸ್ತಕ ಕೊಟ್ಟು ಬರುತ್ತಿರಲಿಲ್ಲ. ಎದುರಿಗೆ ಕೂರಿಸಿ, "ಈಗ ನೀನು ನನಗೆ ಹೇಳು, ಯಾವುದು ಹೇಗಿದೆ" ಎಂದು ಕೇಳಿ, ಅವನ ಬಾಯಿಂದ ಕೇಳಿಸಿಕೊಂಡೇ ಎದ್ದು ಬರುತ್ತಿದ್ದರು. ಸೈಕಾಲಜಿ ಎಂಬ ಮಾತನ್ನೇ ಅವರು ಕೇಳಿದ್ದರೋ ಇಲ್ಲವೋ. ಆದರೆ ಮನುಷ್ಯ ಹೇಗೆ ಮರೆಯುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಮಗನಿಗೆ ಹೇಳಿ, ಈ ಕ್ಲಾಸನ್ನು ಪಾಸಾಗಲು ಮಾತ್ರ ಓದಬೇಡ. ಗಮನ, ನೆನಪು, ನಿದ್ದೆ, ಒತ್ತಡ, ಗುಂಪಿನಲ್ಲಿ ಎದುರು ಮಾತಾಡಲು ಹಿಂಜರಿಯುವುದು, ಈ ಪಾಠಗಳು ಬಂದಾಗ ಪುಸ್ತಕದ ಅಂಚಿನಲ್ಲಿ ಕಂಟ್ರೋಲ್ ರೂಮ್ ಉದಾಹರಣೆ ಬರೆದುಕೊಳ್ಳಲಿ. ಪ್ರಬಂಧ ಬರೆಯಬೇಕಾದರೆ ಟೆಕ್ಸಾಸ್ ಸಿಟಿಯ ತನಿಖಾ ವರದಿಯನ್ನೇ ಹಿಡಿಯಲಿ. ಎಲ್ಲರೂ ಓದಬಹುದಾದ ವರದಿ ಅದು.

ಇನ್ನೊಂದು ಮಾತು. ಇದನ್ನು ನೀವು ಕೇಳಿಲ್ಲ, ಆದರೆ ಹೇಳದೆ ಇರಲಾರೆ. ಮುಂದೆ ಎಂಜಿನಿಯರಿಂಗ್ ಕಡೆ ಮನಸ್ಸು ತಿರುಗಿದರೆ, ಪ್ರೋಸೆಸ್ ಟೆಕ್ನಾಲಜಿಯ ಕ್ರೆಡಿಟ್‌ಗಳು ಹೆಚ್ಚಾಗಿ ವಿಶ್ವವಿದ್ಯಾಲಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅವು ಕೆಲಸಕ್ಕೆಂದು ಮಾಡಿದ ಕೋರ್ಸುಗಳು. ನೀವು ದಂಡ ಅಂದುಕೊಂಡ ಸೈಕಾಲಜಿ ಕ್ರೆಡಿಟ್ ಮಾತ್ರ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಜೊತೆಗೆ ಬರುತ್ತದೆ. ಗಣಿತ ಯಾವುದು ತೆಗೆದುಕೊಳ್ಳಬೇಕು ಎಂಬುದೂ ಅವನು ಮುಂದೆ ಎಂಜಿನಿಯರಿಂಗ್‌ಗೆ ಹೋಗುತ್ತಾನೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಮುಂದಿನ ಸೆಮಿಸ್ಟರ್‌ಗೆ ಹೆಸರು ಹಚ್ಚುವ ಮುಂಚೆ ಅವನು ಕಾಲೇಜಿನ ಅಡ್ವೈಸರ್ ಎದುರು ಅರ್ಧ ಗಂಟೆ ಕೂತು ಬರಲಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಲಿ.

ನಿಮ್ಮ,
ಸಂಪಾದಕ